ನಿರ್ಬಂಧಗಳ ನಡುವೆ ಕಚ್ಚಾತೈಲ: ಇರಾನ್–ಭಾರತ ತೈಲ ವ್ಯಾಪಾರದ ಇತಿಹಾಸ

2013ರ ಏಪ್ರಿಲ್‌ನಲ್ಲಿ ಮಂಗಳೂರು ತೈಲ ಶುದ್ಧೀಕರಣಾಗಾರ (ಎಂ.ಆರ್.ಪಿ.ಎಲ್.) ಇರಾನಿನಿಂದ ಕಚ್ಚಾತೈಲ ತರಿಸುವುದನ್ನು ನಿಲ್ಲಿಸಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಭಾರತದಲ್ಲಿ ಇರಾನಿನ ತೈಲದ ಅತಿ ದೊಡ್ಡ ಗಿರಾಕಿ ಎಂದರೆ ಇದೇ ಕಾರ್ಖಾನೆ. ಇರಾನಿನ ಬಾವಿಗಳು ಬತ್ತಿರಲಿಲ್ಲ. ಹೊರ್ಮುಜ್ ಜಲಸಂಧಿ ಮುಚ್ಚಿರಲಿಲ್ಲ. ಕೊಳ್ಳುವವರಲ್ಲಿ ಹಣವೂ ಇತ್ತು. ಭಾರತದ ಯಾವ ಕಾನೂನಾಗಲಿ, ವಿಶ್ವಸಂಸ್ಥೆಯ ಯಾವ ನಿರ್ಣಯವಾಗಲಿ ಈ ಖರೀದಿಯನ್ನು ನಿಷೇಧಿಸಿರಲಿಲ್ಲ. ಅಡ್ಡ ಬಂದದ್ದು ವಿಮೆ. ನಮ್ಮ ವಿಮಾ ಕಂಪನಿಗಳು ದೊಡ್ಡ ಕಾರ್ಖಾನೆಗಳ ಅಪಾಯವನ್ನು ತಾವೊಬ್ಬರೇ ಹೊರುವುದಿಲ್ಲ. ಅದರ ಬಹುಪಾಲನ್ನು ವಿದೇಶೀ ಮರುವಿಮಾ ಕಂಪನಿಗಳಿಗೆ ದಾಟಿಸುತ್ತವೆ. ಇರಾನಿನ ತೈಲವನ್ನು ಸಂಸ್ಕರಿಸುವ ಕಾರ್ಖಾನೆಗೆ ತಾವು ಹೊಣೆಯಲ್ಲ ಎಂಬ ಷರತ್ತನ್ನು ಯೂರೋಪಿನ ಮರುವಿಮೆದಾರರು ಮುಂದಿಟ್ಟರು. ಬೆಂಕಿ ಬಿದ್ದರೆ ಪರಿಹಾರ ಸಿಗದ ಕಾರ್ಖಾನೆಯನ್ನು ನಡೆಸುವ ಧೈರ್ಯ ಯಾರಿಗಿದೆ? ತೈಲ ನಿಂತಿತು.

ಆರ್ಥಿಕ ನಿರ್ಬಂಧ ಎಂದೊಡನೆ ಸಮುದ್ರದಲ್ಲಿ ಕಾವಲು ನಿಂತ ಯುದ್ಧನೌಕೆಗಳ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಹಿಂದೆ ಅದು ಹಾಗೆಯೇ ಇತ್ತು. ಈಗ ನಿರ್ಬಂಧ ಕೆಲಸ ಮಾಡುವುದು ಬ್ಯಾಂಕಿನ ಖಾತೆ, ವಿಮೆಯ ಕರಾರು, ಹಡಗಿನ ನೋಂದಣಿ ಇಂಥ ಕಣ್ಣಿಗೆ ಕಾಣದ ಕೊಂಡಿಗಳ ಮೇಲೆ. ಈ ಬದಲಾವಣೆ ಹೇಗಾಯಿತೆಂದು ತಿಳಿಯಲು ಇರಾನ್ ಮತ್ತು ಭಾರತಗಳ ನಡುವಣ ತೈಲ ವ್ಯಾಪಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಬಾದಾನ್, 1951

ಇರಾನಿನಲ್ಲಿ ತೈಲ ಸಿಕ್ಕಿದ್ದು 1908ರ ಮೇ 26ರಂದು, ಮಸ್ಜಿದ್ ಸುಲೇಮಾನ್ ಎಂಬಲ್ಲಿ. ವಿಲಿಯಂ ನಾಕ್ಸ್ ಡಾರ್ಸಿ 1901ರಲ್ಲಿ ಪಡೆದಿದ್ದ ಗುತ್ತಿಗೆಯ ಮೇಲೆ ನಡೆದ ಈ ಹುಡುಕಾಟಕ್ಕೆ ಕೊನೆಯ ಹಂತದಲ್ಲಿ ಬಂಡವಾಳ ಹಾಕಿದ್ದು ಬರ್ಮಾ ಆಯಿಲ್ ಕಂಪನಿ. ಭಾರತದ ದೀಪಗಳಿಗೆ ಸೀಮೆಎಣ್ಣೆ ಮಾರುತ್ತಿದ್ದ ಕಂಪನಿಯೇ ಅದು. ಮರುವರ್ಷ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟಿಷ್ ಸರ್ಕಾರ ಅದರ ಅರ್ಧಕ್ಕೂ ಹೆಚ್ಚು ಪಾಲನ್ನು ಕೊಂಡಿತು. ಅಬಾದಾನ್ ದ್ವೀಪದಲ್ಲಿ ಎದ್ದ ಅದರ ಶುದ್ಧೀಕರಣಾಗಾರ ಕಾಲಕ್ರಮದಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡದಾಗಿ ಬೆಳೆಯಿತು. ಸ್ವಾತಂತ್ರ್ಯ ಬಂದಾಗ ಭಾರತದಲ್ಲಿದ್ದ ಶುದ್ಧೀಕರಣಾಗಾರ ಅಸ್ಸಾಮಿನ ದಿಗ್ಬಾಯ್ ಒಂದೇ. ನಾವು ಆಮದು ಮಾಡಿಕೊಳ್ಳುತ್ತಿದ್ದ ಪೆಟ್ರೋಲ್, ಸೀಮೆಎಣ್ಣೆಗಳ ದೊಡ್ಡ ಪಾಲು ಅಬಾದಾನ್‌ನಿಂದಲೇ ಬರುತ್ತಿತ್ತು.

1951ರ ಮಾರ್ಚ್‌ನಲ್ಲಿ ಇರಾನಿನ ಸಂಸತ್ತು ತೈಲೋದ್ಯಮವನ್ನು ರಾಷ್ಟ್ರೀಕರಿಸಿತು. ಸ್ವಲ್ಪದರಲ್ಲೇ ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು. ಅಕ್ಟೋಬರ್ ವೇಳೆಗೆ ಬ್ರಿಟಿಷ್ ತಂತ್ರಜ್ಞರು ಅಬಾದಾನ್ ಬಿಟ್ಟು ಹೋದರು. ಇರಾನಿನ ತೈಲ ತನ್ನದೇ ಆಸ್ತಿ, ಅದನ್ನು ಕೊಂಡವರ ಮೇಲೆ ಮೊಕದ್ದಮೆ ಹೂಡುತ್ತೇನೆ ಎಂದು ಕಂಪನಿ ಜಗತ್ತಿಗೆಲ್ಲ ಸಾರಿತು. 1952ರ ಜೂನ್‌ನಲ್ಲಿ ಇರಾನಿನ ತೈಲ ತುಂಬಿಕೊಂಡು ಹೊರಟಿದ್ದ ರೋಸ್ ಮೇರಿ ಎಂಬ ಹಡಗು ಬ್ರಿಟಿಷರ ವಶದಲ್ಲಿದ್ದ ಏಡನ್ ಬಂದರನ್ನು ಸೇರಬೇಕಾಯಿತು. ಅದರ ಸರಕು ಕಂಪನಿಗೇ ಸೇರಿದ್ದೆಂದು ಅಲ್ಲಿನ ನ್ಯಾಯಾಲಯ 1953ರ ಜನವರಿಯಲ್ಲಿ ತೀರ್ಪಿತ್ತಿತು. ಪರಿಣಾಮವನ್ನು ಅಂಕಿಗಳಲ್ಲೇ ನೋಡಬಹುದು. 1950ರಲ್ಲಿ ದಿನಕ್ಕೆ ಆರು ಲಕ್ಷ ಬ್ಯಾರೆಲ್ ಮೀರಿದ್ದ ಇರಾನಿನ ಉತ್ಪಾದನೆ 1952ರಲ್ಲಿ ಮೂವತ್ತು ಸಾವಿರದ ಆಸುಪಾಸಿಗೆ ಇಳಿಯಿತು.

ಈ ದಿಗ್ಬಂಧನವನ್ನು ದಾಟಿದವರಲ್ಲಿ ಹೆಸರುವಾಸಿಯಾದದ್ದು ಜಪಾನಿನ ಇದೆಮಿತ್ಸು ಕಂಪನಿ. ಅದರ ನಿಶ್ಶೋ ಮಾರು ಎಂಬ ಹಡಗು 1953ರ ಮಾರ್ಚ್‌ನಲ್ಲಿ ಕೋಬೆಯಿಂದ ಗುಟ್ಟಾಗಿ ಹೊರಟು, ಏಪ್ರಿಲ್ 10ರಂದು ಅಬಾದಾನ್ ಮುಟ್ಟಿ, ಪೆಟ್ರೋಲ್ ಮತ್ತು ಡೀಸೆಲ್ ತುಂಬಿಕೊಂಡು ಮೇ 9ರಂದು ಕಾವಾಸಾಕಿಗೆ ಮರಳಿತು. ಬ್ರಿಟಿಷ್ ಕಂಪನಿ ಟೋಕಿಯೋ ನ್ಯಾಯಾಲಯಕ್ಕೆ ಹೋಯಿತು, ಸೋತಿತು. ಆದರೆ ಅದೇ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್‌ಗಳ ಗುಪ್ತಚರ ಸಂಸ್ಥೆಗಳ ಬೆಂಬಲದಿಂದ ನಡೆದ ಕ್ಷಿಪ್ರಕ್ರಾಂತಿಯಲ್ಲಿ ಮೊಸಾದೆಗ್ ಅಧಿಕಾರ ಕಳೆದುಕೊಂಡರು. 1954ರಲ್ಲಿ ವಿದೇಶೀ ಕಂಪನಿಗಳ ಒಕ್ಕೂಟವೊಂದು ಇರಾನಿನ ತೈಲವನ್ನು ಮತ್ತೆ ಮಾರುಕಟ್ಟೆಗೆ ತಂದಿತು.

ಗಮನಿಸಬೇಕಾದ್ದೆಂದರೆ, ಆಗಿನ ಜಗಳ ಒಂದು ನಿರ್ದಿಷ್ಟ ಸರಕಿನ ಒಡೆತನದ ಬಗ್ಗೆ. ಹಡಗನ್ನು ಹಿಡಿಯಬೇಕಿತ್ತು, ನ್ಯಾಯಾಲಯದಲ್ಲಿ ಗೆಲ್ಲಬೇಕಿತ್ತು. ಕೊಂಡವರು ಗಟ್ಟಿ ನಿಂತರೆ, ಅವರ ದೇಶದ ನ್ಯಾಯಾಲಯ ಅವರ ಪರವಾಗಿದ್ದರೆ ದಿಗ್ಬಂಧನ ಸೋಲುತ್ತಿತ್ತು. ಅರವತ್ತು ವರ್ಷಗಳ ಮೇಲೆ ಮಂಗಳೂರಿಗೆ ಆ ಅವಕಾಶವಿರಲಿಲ್ಲ. ಮೊಕದ್ದಮೆ ಹೂಡಿ ಗೆಲ್ಲಲು ಎದುರಾಳಿಯೇ ಇರಲಿಲ್ಲ.

ಇರಾನಿನ ತೈಲವೇ ಏಕೆ?

ಭಾರತ ತನ್ನ ನೆಲದಲ್ಲಿ ಶುದ್ಧೀಕರಣಾಗಾರಗಳನ್ನು ಕಟ್ಟತೊಡಗಿದ್ದು ಐವತ್ತರ ದಶಕದಲ್ಲಿ. 1954 ಮತ್ತು 1955ರಲ್ಲಿ ಮುಂಬಯಿಯಲ್ಲಿ, 1957ರಲ್ಲಿ ವಿಶಾಖಪಟ್ಟಣದಲ್ಲಿ ವಿದೇಶೀ ಕಂಪನಿಗಳ ಕಾರ್ಖಾನೆಗಳು ಶುರುವಾದವು. 1965ರಲ್ಲಿ ಭಾರತ ಸರ್ಕಾರ, ಅಮೆರಿಕದ ಆಮೊಕೊ ಮತ್ತು ಇರಾನಿನ ರಾಷ್ಟ್ರೀಯ ತೈಲ ಕಂಪನಿ ಸೇರಿ ಮದರಾಸು ಶುದ್ಧೀಕರಣಾಗಾರವನ್ನು ಹುಟ್ಟುಹಾಕಿದವು. 1969ರಲ್ಲಿ ಅದು 25 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಕೆಲಸ ಆರಂಭಿಸಿತು. ಇರಾನಿನ ಕಡಲ ನಡುವಿನ ಡೇರಿಯಸ್ ಕ್ಷೇತ್ರದ ತೈಲವನ್ನು ಲೆಕ್ಕದಲ್ಲಿಟ್ಟುಕೊಂಡೇ ಅದನ್ನು ವಿನ್ಯಾಸಗೊಳಿಸಲಾಗಿತ್ತು. ಅಮೆರಿಕ ಮತ್ತು ಇರಾನ್ ಒಂದೇ ಕಾರ್ಖಾನೆಯ ಪಾಲುದಾರರಾಗಿದ್ದ ಕಾಲ ಅದು!

ಒಂದು ತೈಲಕ್ಕಾಗಿ ಕಾರ್ಖಾನೆಯನ್ನು ವಿನ್ಯಾಸಗೊಳಿಸುವುದು ಎಂದರೇನು? ಕಚ್ಚಾತೈಲ ಎಲ್ಲ ಕಡೆಯೂ ಒಂದೇ ಅಲ್ಲ. ಅದು ನೂರಾರು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಅದರ ಗುಣವನ್ನು ಮುಖ್ಯವಾಗಿ ಎರಡು ಸಂಖ್ಯೆಗಳಿಂದ ಅಳೆಯುತ್ತಾರೆ. ಒಂದು ಎ.ಪಿ.ಐ. ಗುರುತ್ವ: 141.5ನ್ನು ತೈಲದ ಸಾಪೇಕ್ಷ ಸಾಂದ್ರತೆಯಿಂದ ಭಾಗಿಸಿ 131.5ನ್ನು ಕಳೆದರೆ ಸಿಗುವ ಸಂಖ್ಯೆ. ನೀರಿಗೆ ಇದು 10. ತೈಲ ಹಗುರವಾದಷ್ಟೂ ಸಂಖ್ಯೆ ದೊಡ್ಡದು. ನಮ್ಮ ಬಾಂಬೆ ಹೈ ತೈಲದ್ದು ಸುಮಾರು 39, ಅಂದರೆ ಸಾಪೇಕ್ಷ ಸಾಂದ್ರತೆ 0.83. ಇರಾನಿನ ‘ಭಾರ’ ತೈಲದ್ದು ಸುಮಾರು 30, ಸಾಪೇಕ್ಷ ಸಾಂದ್ರತೆ 0.876. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಒಂದು ಬ್ಯಾರೆಲ್ ಎಂದರೆ 159 ಲೀಟರ್, ಹಾಗಾದರೆ ಒಂದು ಟನ್ ಇರಾನ್ ಭಾರ ತೈಲದಲ್ಲಿ ಸುಮಾರು 7.2 ಬ್ಯಾರೆಲ್ ಇರುತ್ತದೆ.

ಎರಡನೆಯದು ಗಂಧಕದ ಅಂಶ. ಬಾಂಬೆ ಹೈ ತೈಲದಲ್ಲಿ ಅದು ಶೇಕಡ 0.2ಕ್ಕೂ ಕಡಿಮೆ. ಇರಾನಿನ ‘ಹಗುರ’ ತೈಲದಲ್ಲಿ ಶೇಕಡ 1.5ರ ಹತ್ತಿರ, ‘ಭಾರ’ ತೈಲದಲ್ಲಿ ಶೇಕಡ 1.8ರ ಸುತ್ತಮುತ್ತ. ಸಣ್ಣ ಸಂಖ್ಯೆ ಎನಿಸಬಹುದು. ಆದರೆ 85,000 ಟನ್ ಭಾರ ತೈಲ ಹೊತ್ತ ಒಂದು ಹಡಗು ಬಂದರೆ ಅದರ ಜೊತೆಗೆ 1,500 ಟನ್‌ಗೂ ಹೆಚ್ಚು ಗಂಧಕ ಬಂದಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಡೀಸೆಲ್ ಉರಿದಾಗ ಗಂಧಕದ ಡೈ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಆದ್ದರಿಂದ ತೈಲವನ್ನು ವೇಗವರ್ಧಕದ ಸಮ್ಮುಖದಲ್ಲಿ ಹೈಡ್ರೋಜನ್ ಜೊತೆ ವರ್ತಿಸುವಂತೆ ಮಾಡಿ, ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ ಹೊರತೆಗೆದು, ಅನಂತರ ಕ್ಲಾಸ್ ವಿಧಾನದಿಂದ ಹಳದಿ ಗಂಧಕವಾಗಿ ಪರಿವರ್ತಿಸುತ್ತಾರೆ. ಇಷ್ಟೆಲ್ಲ ಉಪಕರಣ ಇಲ್ಲದ ಕಾರ್ಖಾನೆಗೆ ಗಂಧಕಭರಿತ ತೈಲ ಬೇಡ. ಉಪಕರಣ ಇರುವ ಕಾರ್ಖಾನೆಗೋ, ಅಂಥ ತೈಲವೇ ಲಾಭ. ಏಕೆಂದರೆ ಅದರ ಬೆಲೆ ಕಡಿಮೆ.

ಮಂಗಳೂರಿನ ಕಾರ್ಖಾನೆ 1996ರಲ್ಲಿ ಉತ್ಪಾದನೆ ಆರಂಭಿಸಿತು, 2003ರಲ್ಲಿ ಓ.ಎನ್.ಜಿ.ಸಿ. ಅದರ ಒಡೆತನ ಪಡೆಯಿತು. ಭಾರವಾದ ಅಣುಗಳನ್ನು ಹೆಚ್ಚು ಒತ್ತಡದ ಹೈಡ್ರೋಜನ್‌ನಲ್ಲಿ ಒಡೆದು ಡೀಸೆಲ್ ಮಾಡುವ ಹೈಡ್ರೋಕ್ರ್ಯಾಕರ್‌ಗಳು ಅದರಲ್ಲಿವೆ. ಬಗೆಬಗೆಯ ತೈಲವನ್ನು ಅದು ಸಂಸ್ಕರಿಸಬಲ್ಲದಾದರೂ ಇರಾನಿನ ತೈಲ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಇರಾನಿನ ಖಾರ್ಗ್ ದ್ವೀಪದಿಂದ ಪಣಂಬೂರಿಗೆ ಹಡಗು ವಾರದೊಳಗೆ ಬರುತ್ತದೆ. ಇದರ ಮೇಲೆ, ಇತರರು ಮೂವತ್ತು ದಿನಗಳಲ್ಲಿ ಹಣ ಕೇಳುತ್ತಿದ್ದಾಗ ಇರಾನ್ ಅದಕ್ಕಿಂತ ಬಹಳ ಉದಾರವಾಗಿ ಸಾಲದ ಅವಧಿ ಕೊಡುತ್ತಿತ್ತು. ಅಂಗಡಿಯವನು ಬೆಲೆಯಲ್ಲಿ ಬಿಡದಿದ್ದರೂ ತಿಂಗಳ ಕೊನೆಗೆ ಕೊಡಿ ಎಂದರೆ ಗಿರಾಕಿ ಅವನನ್ನು ಬಿಟ್ಟು ಹೋಗುವನೆ?

ಹೀಗಾಗಿ 2010ರ ಮುನ್ನಾ ವರ್ಷಗಳಲ್ಲಿ ಸೌದಿ ಅರೇಬಿಯಾದ ನಂತರ ಭಾರತಕ್ಕೆ ಅತಿ ಹೆಚ್ಚು ತೈಲ ಕೊಡುತ್ತಿದ್ದ ದೇಶ ಇರಾನ್. ವರ್ಷಕ್ಕೆ ಎರಡು ಕೋಟಿ ಟನ್ ಮೀರಿ ಬರುತ್ತಿತ್ತು. ವಿಶೇಷವೆಂದರೆ, ಅಮೆರಿಕ ತನ್ನ ಮಟ್ಟಿಗೆ ಇರಾನಿನ ತೈಲ ಆಮದನ್ನು 1979ರ ನವೆಂಬರ್‌ನಲ್ಲೇ ನಿಷೇಧಿಸಿತ್ತು. 1995ರಲ್ಲಿ ವ್ಯಾಪಾರವನ್ನೇ ನಿಲ್ಲಿಸಿತ್ತು. ಮೂವತ್ತು ವರ್ಷ ಅದು ಭಾರತವನ್ನು ಹೆಚ್ಚೇನೂ ಬಾಧಿಸಲಿಲ್ಲ. ಅಮೆರಿಕ ಕೊಳ್ಳದಿದ್ದರೆ ಬೇರೆಯವರು ಕೊಳ್ಳುತ್ತಿದ್ದರು, ಅಷ್ಟೆ.

ಹಣ ಹೋಗುವ ದಾರಿ

ಪರಿಸ್ಥಿತಿ ಬದಲಾದದ್ದು 2010ರಲ್ಲಿ. ಇರಾನಿನ ಅಣು ಕಾರ್ಯಕ್ರಮವನ್ನು ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2006ರಿಂದ ಹಲವು ನಿರ್ಣಯಗಳನ್ನು ಕೈಗೊಂಡಿತ್ತು. 2010ರ ಜೂನ್‌ನ 1929ನೇ ನಿರ್ಣಯ ಅವುಗಳಲ್ಲಿ ಅತ್ಯಂತ ಬಿಗಿಯಾದುದು. ಅದರಲ್ಲೂ ತೈಲ ಖರೀದಿಗೆ ನಿಷೇಧವಿರಲಿಲ್ಲ. ಆದರೆ ಅದರ ಬೆನ್ನಿಗೇ ಅಮೆರಿಕ ಮಾಡಿದ ಕಾನೂನು ಹೊಸ ಬಗೆಯದು. ಇರಾನಿನ ಪಟ್ಟಿಮಾಡಿದ ಬ್ಯಾಂಕುಗಳೊಡನೆ ವ್ಯವಹರಿಸುವ ಯಾವುದೇ ದೇಶದ ಬ್ಯಾಂಕು ಅಮೆರಿಕದಲ್ಲಿ ಖಾತೆ ಇಟ್ಟುಕೊಳ್ಳುವ ಅವಕಾಶ ಕಳೆದುಕೊಳ್ಳಬಹುದಿತ್ತು. ಜಗತ್ತಿನ ಎಲ್ಲಿಯೇ ಆಗಲಿ ಡಾಲರಿನಲ್ಲಿ ಪಾವತಿ ಮಾಡಿದರೆ ಅದು ಕೊನೆಗೆ ನ್ಯೂಯಾರ್ಕಿನ ಬ್ಯಾಂಕುಗಳ ಲೆಕ್ಕದಲ್ಲೇ ಜಮೆ-ಖರ್ಚಾಗುತ್ತದೆ. ಆ ಬಾಗಿಲು ಮುಚ್ಚಿದರೆ ದೊಡ್ಡ ಬ್ಯಾಂಕೊಂದು ಬದುಕುವುದೇ ಕಷ್ಟ.

ಅಲ್ಲಿಯವರೆಗೆ ಭಾರತ ಇರಾನಿಗೆ ಹಣ ಕೊಡುತ್ತಿದ್ದುದು ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಮೂಲಕ. 1974ರಲ್ಲಿ ಸ್ಥಾಪನೆಯಾದ ಈ ಒಕ್ಕೂಟದ ಕೇಂದ್ರ ಕಚೇರಿ ಟೆಹರಾನಿನಲ್ಲಿದೆ. ಅದರ ತತ್ತ್ವ ಸರಳ. ಸದಸ್ಯ ದೇಶಗಳು ಪ್ರತಿ ವ್ಯವಹಾರಕ್ಕೂ ಹಣ ಕಳಿಸುವುದಿಲ್ಲ. ಎರಡು ತಿಂಗಳಿಗೊಮ್ಮೆ ಯಾರು ಯಾರಿಗೆಷ್ಟು ಕೊಡಬೇಕೆಂದು ಲೆಕ್ಕ ತೆಗೆದು, ಉಳಿದ ವ್ಯತ್ಯಾಸವನ್ನಷ್ಟೇ ಕೇಂದ್ರ ಬ್ಯಾಂಕುಗಳು ತೀರಿಸುತ್ತವೆ. ವಿದೇಶೀ ವಿನಿಮಯ ಉಳಿಸಲು ಒಳ್ಳೆಯ ಉಪಾಯ. ಆದರೆ ಈ ಲೆಕ್ಕದಲ್ಲಿ ಯಾವ ಹಣ ಯಾವ ಸರಕಿಗೆ ಸಂದಿತೆಂದು ಹೊರಗಿನವರಿಗೆ ಕಾಣುವುದಿಲ್ಲ. ಅಮೆರಿಕದ ಆಕ್ಷೇಪ ಅದೇ ಆಗಿತ್ತು. 2010ರ ಡಿಸೆಂಬರ್ ಕೊನೆಯ ವಾರದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು, ಇರಾನಿನೊಡನೆಯ ವ್ಯವಹಾರಗಳನ್ನು ಈ ಮಾರ್ಗದಿಂದ ತೀರಿಸಕೂಡದೆಂದು ಆದೇಶಿಸಿತು.

ಮುಂದಿನ ಎರಡು ವರ್ಷಗಳ ಕಥೆ, ಒಡ್ಡು ಕಟ್ಟಿದಲ್ಲೆಲ್ಲ ಬೇರೆ ಕಡೆಯಿಂದ ಹರಿಯಲು ನೋಡುವ ನೀರಿನ ಕಥೆಯಂತಿದೆ. ಮೊದಲು ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ, ಇರಾನಿಯರ ಒಡೆತನದ ಬ್ಯಾಂಕೊಂದರ ಮೂಲಕ ಯೂರೋಗಳಲ್ಲಿ ಹಣ ಹೋಯಿತು. 2011ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಆ ಬ್ಯಾಂಕನ್ನೇ ನಿರ್ಬಂಧದ ಪಟ್ಟಿಗೆ ಸೇರಿಸಿತು. ಬಾಕಿ ಬೆಳೆಯಿತು, ಆಗಸ್ಟ್‌ನಿಂದ ತೈಲ ಕೊಡುವುದಿಲ್ಲ ಎಂದು ಇರಾನ್ ಎಚ್ಚರಿಸಿತು. ಆಮೇಲೆ ತುರ್ಕಿಯ ಹಾಲ್ಕ್‌ಬ್ಯಾಂಕ್ ಸಿಕ್ಕಿತು. 2011ರ ಡಿಸೆಂಬರ್ 31ರಂದು ಅಮೆರಿಕ ಇರಾನಿನ ಕೇಂದ್ರ ಬ್ಯಾಂಕನ್ನೇ ಗುರಿಯಾಗಿಸಿ ಇನ್ನೊಂದು ಕಾನೂನು ಮಾಡಿತು. ಆರಾರು ತಿಂಗಳಿಗೊಮ್ಮೆ ಇರಾನಿನ ತೈಲ ಖರೀದಿಯನ್ನು ಗಮನಾರ್ಹವಾಗಿ ಇಳಿಸುತ್ತ ಹೋಗುವ ದೇಶಗಳಿಗೆ ಮಾತ್ರ ವಿನಾಯಿತಿ. 2012ರ ಜೂನ್‌ನಲ್ಲಿ ಭಾರತಕ್ಕೆ ಆ ವಿನಾಯಿತಿ ದೊರೆಯಿತು. ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಮಾತ್ರ ಮಾನ್ಯಮಾಡುತ್ತೇವೆಂದು ದೆಹಲಿ ಹೇಳುತ್ತಲೇ ಇತ್ತು, ಆಮದು ಇಳಿಯುತ್ತಲೇ ಇತ್ತು. ಎರಡೂ ನಿಜ.

2012ರಲ್ಲಿ ಕಂಡುಕೊಂಡ ಉಪಾಯ ಈ ಇಡೀ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯಕರವಾದುದು. ತೈಲದ ಬೆಲೆಯಲ್ಲಿ ಶೇಕಡ 45ನ್ನು ರೂಪಾಯಿಯಲ್ಲೇ ಕೊಡುವುದೆಂದು ತೀರ್ಮಾನವಾಯಿತು. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಯುಕೋ ಬ್ಯಾಂಕಿನಲ್ಲಿ ಇರಾನಿಗಾಗಿ ಖಾತೆ ತೆರೆಯಲಾಯಿತು. ಅಮೆರಿಕದಲ್ಲಿ ಈ ಬ್ಯಾಂಕಿಗೆ ಶಾಖೆ ಇರಲಿಲ್ಲ, ಕಳೆದುಕೊಳ್ಳುವುದು ಕಡಿಮೆ. ರೂಪಾಯಿಯನ್ನು ಹೊರದೇಶದಲ್ಲಿ ಬಳಸಲಾಗದು, ಆದ್ದರಿಂದ ಇರಾನ್ ಆ ಹಣದಿಂದ ಭಾರತದ ಸರಕನ್ನೇ ಕೊಳ್ಳಬೇಕು. ಬಾಸ್ಮತಿ ಅಕ್ಕಿ, ಸೋಯಾ ಹಿಂಡಿ, ಚಹಾ, ಔಷಧಿ ಹೋದವು. 2013-14ರಲ್ಲಿ ಭಾರತದ ಬಾಸ್ಮತಿಯ ಅತಿ ದೊಡ್ಡ ಗಿರಾಕಿ ಇರಾನ್. ಇದರಲ್ಲಿ ಒಂದು ತೊಡಕೂ ಇತ್ತು. ವಿದೇಶೀ ಕಂಪನಿ ಭಾರತದೊಳಗೆ ರೂಪಾಯಿ ಪಡೆದರೆ ಅದು ಇಲ್ಲಿ ಗಳಿಸಿದ ಆದಾಯವೆನಿಸಿ ತೆರಿಗೆಗೆ ಗುರಿಯಾಗುತ್ತದೆ. ಅದಕ್ಕಾಗಿ 2012ರ ಹಣಕಾಸು ಕಾಯಿದೆಯಲ್ಲಿ ಕಚ್ಚಾತೈಲ ಮಾರಿ ರೂಪಾಯಿಯಲ್ಲಿ ಹಣ ಪಡೆಯುವ ವಿದೇಶೀ ಕಂಪನಿಗೆ ತೆರಿಗೆ ವಿನಾಯಿತಿ ಕೊಡುವ ಹೊಸ ಕಲಮನ್ನೇ ಸೇರಿಸಿದರು.

ಔಷಧಿಯ ಮಾತು ಬಂದದ್ದರಿಂದ ಹೇಳಬೇಕು. ನಿರ್ಬಂಧಗಳಲ್ಲಿ ಆಹಾರ ಮತ್ತು ಔಷಧಿಗೆ ವಿನಾಯಿತಿ ಇತ್ತು. ಆದರೆ ಇರಾನ್ ಎಂಬ ಹೆಸರು ಕಂಡರೇ ಬ್ಯಾಂಕುಗಳು ಹಣ ದಾಟಿಸಲು ಹೆದರುತ್ತಿದ್ದವು. ಕಾಗದದ ಮೇಲೆ ಮುಕ್ತವಾಗಿದ್ದ ಔಷಧಿ ಟೆಹರಾನಿನ ರೋಗಿಗಳಿಗೆ ಸಿಗದೆ ಹೋದದ್ದು ಹೀಗೆ. ಈ ಸಂಕಟದಲ್ಲಿ ಯುಕೋ ಬ್ಯಾಂಕಿನ ರೂಪಾಯಿ ಖಾತೆ ಸಣ್ಣ ಕಿಂಡಿಯಾಗಿತ್ತು. ಆ ಕಿಂಡಿಯಿಂದ ಬೆಳಕು ಬರುತ್ತಿದ್ದುದು ತೈಲ ಬರುವ ತನಕ ಮಾತ್ರ ಎಂಬುದು 2019ರ ನಂತರ ಗೊತ್ತಾಯಿತು.

ಉಳಿದ ಶೇಕಡ 55? ತುರ್ಕಿಯ ದಾರಿಯೂ 2013ರ ಫೆಬ್ರವರಿಯಲ್ಲಿ ಮುಚ್ಚಿತು. ತೈಲದ ಹಣ ಕೊಂಡ ದೇಶದಲ್ಲೇ ಉಳಿಯಬೇಕೆಂದು ಅಮೆರಿಕ ನಿಯಮ ಮಾಡಿತ್ತು. ಭಾರತೀಯ ಕಂಪನಿಗಳ ಪುಸ್ತಕದಲ್ಲಿ ಇರಾನಿನ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು.

ಹಡಗು ಮತ್ತು ವಿಮೆ

ಹಣದ ತೊಡಕಿಗಿಂತ ಗಡುಸಾದದ್ದು ವಿಮೆಯ ತೊಡಕು. 1967ರಲ್ಲಿ ಟೋರಿ ಕ್ಯಾನ್ಯನ್ ಎಂಬ ಹಡಗು ಇಂಗ್ಲೆಂಡಿನ ಬಳಿ ಬಂಡೆಗೆ ಬಡಿದು ಒಂದು ಲಕ್ಷ ಟನ್‌ಗೂ ಹೆಚ್ಚು ತೈಲ ಸಮುದ್ರ ಸೇರಿದಾಗಿನಿಂದ ತೈಲವಾಹಕ ಹಡಗುಗಳ ಹೊಣೆಗಾರಿಕೆಯ ಕಾನೂನುಗಳು ಬಿಗಿಯಾದವು. ಹೊಣೆವಿಮೆ ಇಲ್ಲದ ಹಡಗನ್ನು ಬಂದರಿಗೆ ಬಿಟ್ಟುಕೊಳ್ಳುವುದಿಲ್ಲ. ಇಷ್ಟು ದೊಡ್ಡ ಅಪಾಯವನ್ನು ಯಾವ ಕಂಪನಿಯೂ ಒಂಟಿಯಾಗಿ ಹೊರಲಾರದು. ಹಡಗಿನ ಒಡೆಯರೇ ಸೇರಿ ಕಟ್ಟಿಕೊಂಡ ಹದಿಮೂರು ಪರಸ್ಪರ ವಿಮಾ ಕ್ಲಬ್ಬುಗಳ ಗುಂಪೊಂದು ಆಗ ಜಗತ್ತಿನ ಸಾಗರಯಾನದ ಸುಮಾರು ಶೇಕಡ 90ಕ್ಕೆ ವಿಮೆ ಒದಗಿಸುತ್ತಿತ್ತು. ತೈಲ ಸೋರಿಕೆಗೆ ಅವುಗಳ ಪರಿಹಾರದ ಮಿತಿ ನೂರು ಕೋಟಿ ಡಾಲರ್. ಈ ಕ್ಲಬ್ಬುಗಳಲ್ಲಿ ಹೆಚ್ಚಿನವು ಯೂರೋಪಿನಲ್ಲಿವೆ. ಮರುವಿಮೆಯ ಮಾರುಕಟ್ಟೆ ಲಂಡನ್ನಿನಲ್ಲಿದೆ.

2012ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಇರಾನಿನ ತೈಲವನ್ನು ತಾನು ಕೊಳ್ಳುವುದನ್ನು ನಿಲ್ಲಿಸಿತು. ಅದರ ಜೊತೆಗೆ, ಆ ತೈಲವನ್ನು ಯಾರೇ ಸಾಗಿಸಿದರೂ ಅದಕ್ಕೆ ವಿಮೆ ಕೊಡಬಾರದೆಂದು ತನ್ನ ಕಂಪನಿಗಳಿಗೆ ವಿಧಿಸಿತು. ಮೊದಲನೆಯದು ಯೂರೋಪಿನ ವಿಷಯ. ಎರಡನೆಯದು ಏಷ್ಯಾದ ಬಂದರುಗಳನ್ನು ಮುಟ್ಟಿತು. ಜಪಾನ್ ತನ್ನ ಸಂಸತ್ತಿನಲ್ಲಿ ಕಾನೂನು ಮಾಡಿ, ಪ್ರತಿ ಹಡಗಿಗೂ 760 ಕೋಟಿ ಡಾಲರ್‌ವರೆಗೆ ಸರ್ಕಾರವೇ ಹೊಣೆ ಎಂದಿತು. ದಕ್ಷಿಣ ಕೊರಿಯಾ ಕೆಲಕಾಲ ಖರೀದಿ ನಿಲ್ಲಿಸಿತು. ಭಾರತದ ಸರ್ಕಾರೀ ವಿಮಾ ಕಂಪನಿಗಳು ಒಂದು ಹಡಗಿಗೆ ಐದು ಕೋಟಿ ಡಾಲರಿನ ಹೊಣೆವಿಮೆ ಕೊಡಲು ಮುಂದಾದವು. ನೂರು ಕೋಟಿಯ ಜಾಗದಲ್ಲಿ ಐದು ಕೋಟಿ! 2012ರ ಆಗಸ್ಟ್‌ನಲ್ಲಿ ಈ ಭಾರತೀಯ ವಿಮೆಯ ಆಸರೆಯಲ್ಲಿ ಭಾರತೀಯ ಹಡಗೊಂದು ಇರಾನಿನಿಂದ ಮಂಗಳೂರಿಗೆ ತೈಲ ತಂದಿತು. ಉಳಿದಂತೆ ಇರಾನಿನ ಸ್ವಂತ ಹಡಗುಗಳೇ, ಇರಾನಿನದೇ ವಿಮೆಯೊಂದಿಗೆ ಸರಕನ್ನು ಮುಟ್ಟಿಸುವ ಏರ್ಪಾಡು ಮುಂದುವರಿಯಿತು.

ಅದೃಷ್ಟವಶಾತ್ ಯಾವ ಅಪಘಾತವೂ ಸಂಭವಿಸಲಿಲ್ಲ. ಸಂಭವಿಸಿದ್ದರೆ? 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಸೋರಿದ್ದು ಸುಮಾರು 37,000 ಟನ್. ಅದನ್ನು ಸ್ವಚ್ಛಗೊಳಿಸಲು ತಗಲಿದ ವೆಚ್ಚವೇ ನೂರು ಕೋಟಿ ಡಾಲರನ್ನು ಮೀರಿತು. ಪಣಂಬೂರಿನ ಕಡಲಲ್ಲಿ ಅದರ ಅರ್ಧದಷ್ಟು ಸೋರಿದ್ದರೂ ಐದು ಕೋಟಿ ಡಾಲರು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಉಳಿದದ್ದನ್ನು ಕರಾವಳಿಯ ಮೀನುಗಾರರೂ ಸರ್ಕಾರದ ಬೊಕ್ಕಸವೂ ಹೊರಬೇಕಿತ್ತು. ನಿರ್ಬಂಧಗಳ ಚರ್ಚೆಯಲ್ಲಿ ಈ ಅಪಾಯದ ಪ್ರಸ್ತಾಪ ತೀರ ಕಡಿಮೆ ಎಂಬುದು ಈ ಲೇಖಕನ ಅಭಿಪ್ರಾಯ. ನಿರ್ಬಂಧ ವ್ಯಾಪಾರವನ್ನು ಪೂರ್ತಿ ನಿಲ್ಲಿಸಲಿಲ್ಲ, ಆದರೆ ಅದನ್ನು ಹೆಚ್ಚು ಅಪಾಯಕಾರಿ ಮಾಡಿತು. ಆ ಅಪಾಯ ನಿರ್ಬಂಧ ಹೇರಿದವರ ಕರಾವಳಿಯ ಮೇಲಿರಲಿಲ್ಲ.

ಹಡಗಿನ ವಿಮೆಯ ನಂತರ ಕಾರ್ಖಾನೆಯ ವಿಮೆಯ ಸರದಿ. ಲೇಖನದ ಆರಂಭದಲ್ಲಿ ಹೇಳಿದ 2013ರ ಏಪ್ರಿಲ್‌ನ ಘಟನೆ ಅದೇ. ಮರುವಿಮೆ ಸಿಗದ ಕಾರ್ಖಾನೆಗಳಿಗಾಗಿ ಎರಡು ಸಾವಿರ ಕೋಟಿ ರೂಪಾಯಿಗಳ ನಿಧಿಯೊಂದನ್ನು ಸ್ಥಾಪಿಸುವ ಚರ್ಚೆ ದೆಹಲಿಯಲ್ಲಿ ನಡೆಯಿತು. ಸುಮಾರು ನಾಲ್ಕು ತಿಂಗಳ ಬಿಡುವಿನ ನಂತರ ಆಗಸ್ಟ್‌ನಲ್ಲಿ ಮಂಗಳೂರಿಗೆ ಮತ್ತೆ ಇರಾನಿನ ತೈಲ ಬಂದಿತು. ಅದೇ ವರ್ಷ, 1975ರಿಂದ ನಡೆದುಬಂದಿದ್ದ ಇರಾನೋ-ಹಿಂದ್ ಎಂಬ ಜಂಟಿ ಹಡಗು ಕಂಪನಿಯನ್ನು ಮುಚ್ಚಲು ಭಾರತ ಸರ್ಕಾರ ನಿರ್ಧರಿಸಿತು. ಅದರ ಹೆಸರು 2010ರ ವಿಶ್ವಸಂಸ್ಥೆಯ ಪಟ್ಟಿಯಲ್ಲಿತ್ತು.

ಒಟ್ಟಾರೆ ಪರಿಣಾಮ ಹೀಗಿದೆ. 2011-12ರಲ್ಲಿ 1.81 ಕೋಟಿ ಟನ್ ಇದ್ದ ಇರಾನಿನ ತೈಲದ ಆಮದು 2012-13ರಲ್ಲಿ 1.31 ಕೋಟಿ, 2013-14ರಲ್ಲಿ 1.1 ಕೋಟಿ ಟನ್‌ಗೆ ಇಳಿಯಿತು. ಭಾರತದ ಒಟ್ಟು ಆಮದಿನಲ್ಲಿ ಹತ್ತರಲ್ಲೊಂದು ಪಾಲಿದ್ದುದು ಶೇಕಡ 6ರ ಆಸುಪಾಸಿಗೆ ಬಂತು.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

2015ರ ಜುಲೈನಲ್ಲಿ ಇರಾನ್ ಮತ್ತು ಆರು ರಾಷ್ಟ್ರಗಳ ನಡುವೆ ಅಣು ಒಪ್ಪಂದವಾಗಿ, 2016ರ ಜನವರಿ 16ರಂದು ನಿರ್ಬಂಧಗಳು ಸಡಿಲಗೊಂಡವು. ಭಾರತೀಯ ಕಂಪನಿಗಳು ಉಳಿಸಿಕೊಂಡಿದ್ದ 600 ಕೋಟಿ ಡಾಲರ್ ಮೀರಿದ ಬಾಕಿ ಆ ವರ್ಷ ಸಂದಾಯವಾಯಿತು. 2016-17ರಲ್ಲಿ ಆಮದು 2.72 ಕೋಟಿ ಟನ್‌ಗೆ ಏರಿತು. ಒಂದೇ ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು! ಕಾರ್ಖಾನೆಗಳಿಗೆ ಆ ತೈಲ ಎಷ್ಟು ಒಗ್ಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮಂಗಳೂರಿನ ಭೂಗತ ತೈಲ ಸಂಗ್ರಹಾಗಾರಕ್ಕೆ ಇರಾನಿನ ತೈಲ ತುಂಬಿದ್ದೂ ಆ ಸಮಯದಲ್ಲೇ. ಇದರ ರಚನೆ ವಿಜ್ಞಾನ ವಿದ್ಯಾರ್ಥಿಗಳಿಗೆ ಕುತೂಹಲದ ವಿಷಯ. ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಈ ಗುಹೆಗಳಿಗೆ ಉಕ್ಕಿನ ಒಳಹೊದಿಕೆ ಇಲ್ಲ. ಬಂಡೆಯ ಬಿರುಕುಗಳಲ್ಲಿ ತುಂಬಿರುವ ಅಂತರ್ಜಲದ ಒತ್ತಡ ಗುಹೆಯೊಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಸೋರಲಾರದು. ಜಿನುಗಿದ ನೀರನ್ನು ತಳದಿಂದ ಪಂಪು ಮಾಡಿ ತೆಗೆಯುತ್ತಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಸಾಮರ್ಥ್ಯವಿದೆ. ಮೂರೂ ಸೇರಿದರೆ ದೇಶಕ್ಕೆ ಹತ್ತು ದಿನಗಳಿಗೂ ಸಾಲದು ಎಂಬುದನ್ನೂ ನೆನಪಿಡಬೇಕು.

2018ರ ಮೇ 8ರಂದು ಅಮೆರಿಕ ಒಪ್ಪಂದದಿಂದ ಹೊರನಡೆಯಿತು. ನವೆಂಬರ್ 5ರಿಂದ ತೈಲದ ಮೇಲಿನ ನಿರ್ಬಂಧ ಮರಳಿತು. ಭಾರತವೂ ಸೇರಿ ಎಂಟು ಖರೀದಿದಾರರಿಗೆ 180 ದಿನಗಳ ವಿನಾಯಿತಿ; ಭಾರತದ ಮಿತಿ ದಿನಕ್ಕೆ ಮೂರು ಲಕ್ಷ ಬ್ಯಾರೆಲ್. 2019ರ ಮೇ 2ರಿಂದ ವಿನಾಯಿತಿ ಮುಗಿಯಿತು, ಖರೀದಿಯೂ ನಿಂತಿತು. ಈ ಬಾರಿ ಹ್ಯಾಂಬರ್ಗ್, ಇಸ್ತಾಂಬುಲ್ ಎಂದು ದಾರಿ ಹುಡುಕುವ ಉತ್ಸಾಹ ಯಾರಲ್ಲೂ ಇರಲಿಲ್ಲ. ಜಗತ್ತಿನಲ್ಲಿ ಆಗ ತೈಲ ಹೇರಳವಾಗಿತ್ತು. ಇರಾಕ್, ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸ್ವತಃ ಅಮೆರಿಕ ಆ ಜಾಗ ತುಂಬಿದವು. ಇರಾಕಿನ ಬಾಸ್ರಾ ತೈಲ ಎ.ಪಿ.ಐ. ಲೆಕ್ಕದಲ್ಲಿ ಇರಾನಿನ ಭಾರ ತೈಲಕ್ಕೆ ಹತ್ತಿರ, ಆದರೆ ಗಂಧಕ ಹೆಚ್ಚು. ಅಷ್ಟರಮಟ್ಟಿಗೆ ಹೈಡ್ರೋಜನ್ ಖರ್ಚೂ ಹೆಚ್ಚು. ತೈಲ ನಿಂತ ಮೇಲೆ ಯುಕೋ ಬ್ಯಾಂಕಿನ ರೂಪಾಯಿ ಖಾತೆ ಕರಗಿತು. ಪಂಜಾಬ್ ಹರಿಯಾಣದ ಬಾಸ್ಮತಿ ವ್ಯಾಪಾರಿಗಳೂ ಅಸ್ಸಾಮಿನ ಚಹಾ ವ್ಯಾಪಾರಿಗಳೂ ಅದರ ಬಿಸಿ ಉಂಡರು.

ತೈಲದ ಬೆರಳಚ್ಚು

ಭಾರತ ಬಿಟ್ಟದ್ದನ್ನು ಚೀನ ಕೊಂಡಿತು. 2020ರ ನಂತರದ ವರ್ಷಗಳಲ್ಲಿ ಇರಾನಿನ ತೈಲದ ಬಹುಪಾಲು ಹೋದದ್ದು ಅಲ್ಲಿಗೇ, ಹೆಚ್ಚಾಗಿ ಬೇರೆ ದೇಶಗಳ ಹೆಸರಿನಲ್ಲಿ. ಹಳೆಯ ಹಡಗುಗಳು ತಮ್ಮ ನೆಲೆ ತಿಳಿಸುವ ರೇಡಿಯೋ ಉಪಕರಣವನ್ನು ಆರಿಸಿ, ನಡುಗಡಲಲ್ಲಿ ಇನ್ನೊಂದು ಹಡಗಿಗೆ ಸರಕು ವರ್ಗಾಯಿಸುತ್ತವೆ. ಕಾಗದಪತ್ರದಲ್ಲಿ ಅದು ಮಲೇಷ್ಯಾದ ತೈಲವಾಗುತ್ತದೆ. ಆದರೆ ಮೋಡದಾಚೆಗೂ ನೋಡಬಲ್ಲ ರೇಡಾರ್ ಉಪಗ್ರಹಗಳಿಗೆ ಹಡಗು ಕಾಣುತ್ತದೆ. ತೇಲುವ ಮುಚ್ಚಳದ ತೈಲದ ತೊಟ್ಟಿಗಳ ಒಳನೆರಳನ್ನು ಅಳೆದು ಅದರಲ್ಲಿ ಎಷ್ಟು ತೈಲವಿದೆಯೆಂದು ಲೆಕ್ಕ ಹಾಕುವವರಿದ್ದಾರೆ. ತೈಲವೂ ತನ್ನ ಹುಟ್ಟೂರನ್ನು ಮರೆಮಾಚಲಾರದು. ಅದರಲ್ಲಿರುವ ಹೋಪೇನ್, ಸ್ಟೆರೇನ್ ಎಂಬ ಅಣುಗಳು ಕೋಟ್ಯಂತರ ವರ್ಷಗಳ ಹಿಂದಿನ ಬ್ಯಾಕ್ಟೀರಿಯ ಮತ್ತು ಪಾಚಿಗಳ ಅವಶೇಷ. ಅವುಗಳ ಅನುಪಾತ, ನಿಕ್ಕಲ್ ಮತ್ತು ವೆನೇಡಿಯಂಗಳ ಪ್ರಮಾಣ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ. ಅನಿಲ ವರ್ಣಲೇಖನ ಮತ್ತು ದ್ರವ್ಯರಾಶಿ ರೋಹಿತಮಾಪನದಿಂದ ಅವನ್ನು ಅಳೆದರೆ ತೈಲದ ಮೂಲವನ್ನು ಗುರುತಿಸಬಹುದು. ಬೆರಕೆಯಾಗಿದ್ದರೆ ಮಾತ್ರ ಕೆಲಸ ಕಷ್ಟ. ಹಾಗೆಂದು ಗುರುತಿಸುವ ಸಾಮರ್ಥ್ಯವೇ ತಡೆಯುವ ಸಾಮರ್ಥ್ಯವಲ್ಲ. ಕೊಳ್ಳುವ ದೇಶ ದೊಡ್ಡದಾಗಿದ್ದು, ಕೊಳ್ಳುವ ಕಾರ್ಖಾನೆಗೆ ಅಮೆರಿಕದಲ್ಲಿ ಕಳೆದುಕೊಳ್ಳಲು ಏನೂ ಇಲ್ಲದಿದ್ದರೆ ಪ್ರಯೋಗಾಲಯದ ವರದಿಯಿಂದ ಏನಾಗುತ್ತದೆ?

2022ರಲ್ಲಿ ರಷ್ಯಾದ ಮೇಲೆ ನಿರ್ಬಂಧ ಹೇರಿದಾಗ ಪಾಶ್ಚಾತ್ಯ ರಾಷ್ಟ್ರಗಳು ಇದೇ ವಿಮೆಯ ಅಸ್ತ್ರವನ್ನು ಬೇರೆ ರೀತಿ ಬಳಸಿದವು. ಆ ವರ್ಷದ ಡಿಸೆಂಬರ್ 5ರಿಂದ, ಬ್ಯಾರೆಲ್‌ಗೆ 60 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಬೆಲೆಗೆ ಕೊಂಡ ರಷ್ಯಾ ತೈಲಕ್ಕೆ ಮಾತ್ರ ತಮ್ಮ ವಿಮೆ ಮತ್ತು ಹಡಗು ಸೇವೆ ಎಂದವು. ತೈಲ ಹರಿಯಲಿ, ಲಾಭ ಹರಿಯದಿರಲಿ ಎಂಬ ಲೆಕ್ಕ. 2022ಕ್ಕೆ ಮುಂಚೆ ಭಾರತದ ಆಮದಿನಲ್ಲಿ ಶೇಕಡ 2ರಷ್ಟಿದ್ದ ರಷ್ಯಾದ ಪಾಲು 2023ರಲ್ಲಿ ಮೂರರಲ್ಲೊಂದನ್ನು ಮೀರಿತು.

ಇರಾನಿನ ಮೇಲಿನ ವಿಶ್ವಸಂಸ್ಥೆಯ ನಿರ್ಬಂಧಗಳು 2025ರ ಸೆಪ್ಟೆಂಬರ್ ಕೊನೆಯಲ್ಲಿ ಮರಳಿ ಜಾರಿಗೆ ಬಂದವು. ಮದರಾಸು ಶುದ್ಧೀಕರಣಾಗಾರ 2000ದಲ್ಲಿ ಚೆನ್ನೈ ಪೆಟ್ರೋಲಿಯಂ ಎಂದು ಹೆಸರು ಬದಲಿಸಿಕೊಂಡಿತು. ಆಮೊಕೊ ಎಂದೋ ಹೊರಟುಹೋಗಿದೆ. ಆದರೆ 2024ರ ಅದರ ಷೇರುದಾರರ ಪಟ್ಟಿಯಲ್ಲೂ ಇರಾನಿನ ರಾಷ್ಟ್ರೀಯ ತೈಲ ಕಂಪನಿಯ ಅಂಗಸಂಸ್ಥೆಯೊಂದರ ಹೆಸರಿನಲ್ಲಿ ಶೇಕಡ 15.4 ಪಾಲು ಉಳಿದಿತ್ತು.